ತುಂಗಭದ್ರಾ ಎಡದಂಡೆಯ ಬೆಳೆ ಯೋಜನೆಯೂ ರಾಜ್ಯದ ಉದ್ದೇಶವೂ

ಯಾವ ಭೂಮಿಯಲ್ಲಿ ಯಾವ ಪೈರನ್ನು ಬೆಳೆಯತಕ್ಕದ್ದೆಂಬ ಪ್ರಾಂತದ ಏರ್ಪಾಡು ರಾಜ್ಯದ ಮುಖ್ಯೋದ್ದೇಶಕ್ಕೆ ಹೊಂದಿಕೊಂಡು ನಡೆಯದಿದ್ದರೆ, ಎಷ್ಟು ದೊಡ್ಡ ಅಣೆಕಟ್ಟನ್ನು ಕಟ್ಟಿದರೂ ಅದರ ಫಲವು ಕೆಲವರಿಗೆ ಮಾತ್ರ ದೊರೆಯುವುದು. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಹರಿಯುವ ತುಂಗಭದ್ರಾ ಎಡದಂಡೆ ನಾಲೆಯ ಆಯಕಟ್ಟು ಇದಕ್ಕೆ ತಕ್ಕ ನಿದರ್ಶನವು.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಎರೆಭೂಮಿಯ ಸೀಮೆಯು ಮಳೆಯ ಅಭಾವಕ್ಕೆ ಹೆಸರಾದುದು. 1876-78ರ ಮಹಾಕ್ಷಾಮವು ದಕ್ಷಿಣ ದೇಶದಲ್ಲಿ ಮಾಡಿದ ಹಾನಿಯು ಸರ್ವವಿದಿತವು. ಇಂತಹ ಕ್ಷಾಮವನ್ನು ನಿವಾರಿಸಬೇಕೆಂಬ ಸಂಕಲ್ಪದಿಂದ ಹೈದರಾಬಾದು ಮತ್ತು ಮದರಾಸು ಸರ್ಕಾರಗಳು 1945ರಲ್ಲಿ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದುವು. 1953ರಲ್ಲಿ ನಾಲೆಗಳಿಗೆ ನೀರು ಬಂದಿತು. ಸುಮಾರು 140 ಮೈಲಿ ಉದ್ದದ ಎಡದಂಡೆ ನಾಲೆಯಿಂದ ಸುಮಾರು 6 ಲಕ್ಷ ಎಕರೆಗೆ ನೀರೊದಗಿಸುವುದೆಂದು ನಿಶ್ಚಯವಾಯಿತು. ಸ್ವಲ್ಪ ನೆಲಕ್ಕೆ ಹೇರಳವಾದ ನೀರನ್ನು ಕೊಡುವುದು ಇದರ ಉದ್ದೇಶವಾಗಿರಲಿಲ್ಲ. ಮಿತವಾದ ನೀರಿನಿಂದ ಬಹುಸಂಖ್ಯೆಯ ಗ್ರಾಮಗಳ ಪೈರನ್ನು ಉಳಿಸುವುದೇ ಆಗಿದ್ದಿತು.

ಈ ಉದ್ದೇಶವನ್ನು ಹೊಲದವರೆಗೆ ಮುಟ್ಟಿಸುವುದಕ್ಕಾಗಿ ಏರ್ಪಟ್ಟದ್ದೇ ಲೋಕಲೈಸೇಷನ್ ಎಂಬ ಪದ್ಧತಿ. ಇದರ ಪ್ರಕಾರ ಪ್ರತಿಯೊಂದು ಸರ್ವೆ ನಂಬರಿಗೂ ಬೆಳೆಯನ್ನೂ ಹಂಗಾಮನ್ನೂ ಗೊತ್ತುಮಾಡಲಾಯಿತು. ಭತ್ತಕ್ಕೂ ಕಬ್ಬಿಗೂ ಅಲ್ಪಭಾಗವನ್ನು ಮಾತ್ರ ಬಿಟ್ಟು, ಹೆಚ್ಚಿನ ಭೂಮಿಯನ್ನು ಜೋಳ, ಶೇಂಗಾ, ಹತ್ತಿ ಮೊದಲಾದ ಅಲ್ಪನೀರಿನ ಬೆಳೆಗಳಿಗೆ ಮೀಸಲಿಡಲಾಯಿತು. ನಾಲೆಯ ಅಗಲವೂ ತೂಬುಗಳ ಅಳತೆಯೂ ಈ ಲೆಕ್ಕವನ್ನೇ ಅನುಸರಿಸಿದುವು.

ಆದರೆ ಮೊದಲ ವರ್ಷಗಳಲ್ಲಿ ಕೆಳಗಿನ ಗ್ರಾಮಗಳವರು ನೀರಾವರಿಯನ್ನು ಇನ್ನೂ ಕೈಗೊಳ್ಳದಿದ್ದುದರಿಂದ ಮೇಲ್ಭಾಗದಲ್ಲಿ ನೀರು ಯಥೇಚ್ಛವಾಗಿ ದೊರೆಯಿತು. ಭತ್ತಕ್ಕೆ ಮಾರುಕಟ್ಟೆಯೂ ಇದ್ದಿತು. ಗಂಗಾವತಿ, ಸಿಂಧನೂರು ಕಡೆಗಳಲ್ಲಿ ಗದ್ದೆಗಳು ಹಬ್ಬಿದುವು. ಒಬ್ಬನು ಗದ್ದೆಮಾಡಿದರೆ ಪಕ್ಕದ ಹೊಲಕ್ಕೆ ಬಸಿನೀರು ತುಂಬಿ ಅಲ್ಲಿ ಜೋಳವು ನಿಲ್ಲದು. ಆಗ ನೆರೆಯವನೂ ಭತ್ತವನ್ನೇ ನೆಡಬೇಕಾಗುವುದು. ಹೀಗೆ ನಕಾಶೆಯು ಕಚೇರಿಯಲ್ಲಿ ಉಳಿದು, ಬೆಳೆಯು ಬೇರೆ ದಾರಿಯನ್ನು ಹಿಡಿಯಿತು.

ಇದರ ಫಲವು ಎರಡು ವಿಧವಾದುದು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಯಂಚಿನ ರೈತರು ಆಯಕಟ್ಟಿನೊಳಗಿದ್ದೂ ನೀರಿಗಾಗಿ ಕಾದಿರುವರು. ಬಿತ್ತಿದ ಪೈರು ತೆನೆಕಟ್ಟುವ ಕಾಲದಲ್ಲಿ ಒಣಗಿದರೆ ಅವರಿಗೆ ಬೀಜ ಗೊಬ್ಬರದ ಸಾಲವು ಮಾತ್ರ ಉಳಿಯುವುದು. ಮೇಲ್ಭಾಗದಲ್ಲಾದರೋ ನೀರು ನಿಂತು ಭೂಮಿಯು ಸವಳುಜವಳಾಗಿ ಇಳುವರಿಯು ಕುಗ್ಗುವುದು. ಮೇಲಿನವನ ನೆಲವನ್ನು ಕೆಡಿಸುವ ನೀರೇ ಕೆಳಗಿನವನಿಗೆ ದೊರೆಯದ ನೀರು.

ಜಲಾಶಯದಲ್ಲಿ ಹೂಳು ತುಂಬಿದ ಕಾರಣ ಈ ತೊಂದರೆಯು ಹೆಚ್ಚಿದೆ. ಮೊದಲು ಸುಮಾರು 133 ಟಿ.ಎಂ.ಸಿ. ಇದ್ದ ಸಂಗ್ರಹವು ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುವುದು. 2024ರ ಆಗಸ್ಟಿನಲ್ಲಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ಇಡೀ ಸೀಮೆಯ ಜೀವನವು ಎಷ್ಟು ಸಣ್ಣ ಆಧಾರದ ಮೇಲೆ ನಿಂತಿದೆಯೆಂಬುದು ಸ್ಪಷ್ಟವಾಯಿತು.

1965ರ ಕರ್ನಾಟಕ ನೀರಾವರಿ ಅಧಿನಿಯಮವು ಅಕ್ರಮವಾಗಿ ನೀರು ಬಳಸುವುದನ್ನು ನಿಷೇಧಿಸಿದೆ. 1980ರ ಅಧಿನಿಯಮದಂತೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳಿವೆ. ನೀರು ಬಳಕೆದಾರರ ಸಹಕಾರ ಸಂಘಗಳೂ ಇವೆ. ಆದರೆ ದಂಡನೆಯೊಂದರಿಂದಲೇ ಬೆಳೆಯು ಬದಲಾಗದು; ಒಂಟಿ ರೈತನು ಬಸಿನೀರಿನ ನಡುವೆ ಜೋಳವನ್ನು ಬೆಳೆಯಲಾರನು. ಆದುದರಿಂದ ಒಂದು ತೂಬಿನ ಕೆಳಗಣ ಹಿಡುವಳಿದಾರರೆಲ್ಲರೂ ಒಟ್ಟಾಗಿ ನಿರ್ಣಯಿಸುವುದೇ ಯುಕ್ತವು.

ಗ್ರಾಮದ ಮುಖಂಡರು ಹಂಗಾಮಿಗೆ ಮುಂಚೆ ತಮ್ಮ ತೂಬಿನ ಸರ್ವೆ ನಂಬರುಗಳ ಪಟ್ಟಿಯನ್ನು ತರಿಸಿ, ಗೊತ್ತಾದ ಬೆಳೆಯನ್ನೂ ನಿಜವಾಗಿ ಬೆಳೆಯುವುದನ್ನೂ ಎಲ್ಲರೆದುರು ಹೋಲಿಸಿ ಓದಿಸಬೇಕು. ಬಸಿಗಾಲುವೆಗಳ ಹೂಳನ್ನು ತೆಗೆಸಬೇಕು. ಬೇಸಗೆಯ ಭತ್ತದ ಬದಲು ಒಂದು ತೂಬಿನವರೆಲ್ಲರೂ ಕಡಲೆ ಅಥವಾ ಜೋಳವನ್ನು ಬಿತ್ತಲು ಒಪ್ಪಿದರೆ, ಉಳಿದ ನೀರು ಕೊನೆಯ ತೂಬಿನವರೆಗೂ ಸಾಗುವ ಸಂಭವವಿರುವುದು. ಭತ್ತದ ಆದಾಯವನ್ನು ಬಿಡುವವರಿಗೆ ಆ ಬೆಳೆಗಳಿಗೂ ನ್ಯಾಯವಾದ ಬೆಲೆಯು ದೊರೆಯುವಂತೆ ಸರ್ಕಾರವು ನೋಡಿಕೊಳ್ಳುವುದು ಅಷ್ಟೇ ಅವಶ್ಯಕವು. ರಾಜ್ಯದ ಯೋಜನೆಯು ನೆರವೇರಿತೋ ಇಲ್ಲವೋ ಎಂಬುದಕ್ಕೆ ಕೊನೆಯ ತೂಬಿನಲ್ಲಿ ಹರಿಯುವ ನೀರೇ ಪ್ರಮಾಣವು.