ಗುರಿ ಕಲಿಯಲು ಹೋದವರು

1857ರ ಮಾರ್ಚ್ ತಿಂಗಳು. ಪಂಜಾಬಿನ ದಾರಿಯಲ್ಲಿದ್ದ ಅಂಬಾಲೆಯ ದಂಡಿನ ಪಾಳೆಯದಲ್ಲಿ ಒಂದು ದಿನ ಇಬ್ಬರು ಸೈನಿಕರು ತಮ್ಮ ಶಿಕ್ಷಕನೆದುರು ಬಂದು ನಿಂತು ಕಣ್ಣೀರಿಟ್ಟರು. ಒಬ್ಬನು ಹವಾಲ್ದಾರ ಕಾಶೀರಾಮ್ ತಿವಾರಿ. ಮತ್ತೊಬ್ಬನು ನಾಯಕ ಜಿಯೋಲಾಲ್ ದುಬೆ. ಇಬ್ಬರೂ ಕಂಪನಿ ಸರಕಾರದ 36ನೆಯ ದೇಶೀಯ ಪದಾತಿ ದಳಕ್ಕೆ ಸೇರಿದವರು.

ಯಾವ ಅಪರಾಧವನ್ನೂ ಮಾಡಿ ಅವರು ಶಿಕ್ಷೆಗೆ ಗುರಿಯಾಗಿರಲಿಲ್ಲ. ಹೊಸ ಬಂದೂಕಿನ ವಿದ್ಯೆಯನ್ನು ಕಲಿತು, ಹಿಂದಿರುಗಿ ತಮ್ಮ ದಳದವರಿಗೆ ಕಲಿಸಬೇಕೆಂದು ಆಯ್ಕೆಯಾಗಿ ಬಂದ ವಿದ್ಯಾರ್ಥಿಗಳು ಅವರು. ಆ ದಿನಗಳಲ್ಲಿ ಸೇನಾಧಿಪತಿ ಜನರಲ್ ಆನ್ಸನ್‌ನ ಬೆಂಗಾವಲಿಗೆಂದು ಅವರದೇ ದಳದ ಸೈನಿಕರು ಅಂಬಾಲೆಗೆ ಬಂದಿಳಿದಿದ್ದರು. ಬಹುದಿನಗಳ ಮೇಲೆ ತಮ್ಮವರನ್ನು ಕಾಣುವ ಸಂಭ್ರಮದಿಂದ ಇಬ್ಬರೂ ಬಿಡಾರಕ್ಕೆ ಓಡಿದರು. ಅಲ್ಲಿದ್ದ ಸುಬೇದಾರನು ಅವರನ್ನು ಆದರಿಸಲಿಲ್ಲ. ಹೊಸ ತೋಟಾ ಮುಟ್ಟಿದವರು ಕ್ರೈಸ್ತರಾಗಿಬಿಟ್ಟರೆಂದು ಎಲ್ಲರೆದುರಿಗೆ ಹಂಗಿಸಿದನು. ಜಾತಿಯವರ ಪಂಕ್ತಿಯಿಂದ ಹೊರಗಾಗುವುದೆಂದರೆ ಆ ಕಾಲದ ಬ್ರಾಹ್ಮಣ ಸಿಪಾಯಿಗೆ ಮನೆ, ಮಕ್ಕಳು, ಊರು ಎಲ್ಲವನ್ನೂ ಕಳೆದುಕೊಂಡಂತೆ. ಕಲಿತ ವಿದ್ಯೆಯೇ ತಮ್ಮ ಪಾಲಿಗೆ ಉರುಳಾಯಿತೆಂದು ಅವರು ಅತ್ತದ್ದರಲ್ಲಿ ಆಶ್ಚರ್ಯವೇನಿದೆ?

1857ರ ಮಹಾ ದಂಗೆಯ ಕತೆಯಲ್ಲಿ ಕೊಬ್ಬು ಸವರಿದ ತೋಟಾದ ಹೆಸರು ಕೇಳದವರಿಲ್ಲ. ಆದರೆ ಆ ತೋಟಾವನ್ನು ಕೈಯಲ್ಲಿ ಹಿಡಿಯಬೇಕಾಗಿದ್ದವರು, ಗುರಿ ಕಲಿಯಲು ಹೋದ ಈ ವಿದ್ಯಾರ್ಥಿಗಳು, ಎಂತಹ ಇಕ್ಕಟ್ಟಿಗೆ ಸಿಕ್ಕಿದ್ದರೆಂಬುದನ್ನು ನೆನೆಯುವವರು ವಿರಳ.

ಹಳೆಯ ಕೋವಿ, ಹೊಸ ಕೋವಿ

ಅಲ್ಲಿಯವರೆಗೆ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದುದು ‘ಬ್ರೌನ್ ಬೆಸ್’ ಎಂಬ ಅಡ್ಡಹೆಸರಿನ ಕೋವಿ. ಅದರ ನಳಿಗೆಯ ಒಳಮೈ ನುಣುಪು. ಬಾಯಿಯಿಂದ ಮದ್ದು ಸುರಿದು, ಮೇಲೆ ಸೀಸದ ಉಂಡೆಯನ್ನು ಜಾರಿಸಿ ಹಾರಿಸುವುದು. ನಳಿಗೆಯಲ್ಲಿ ಸಡಿಲವಾಗಿದ್ದ ಉಂಡೆ ಅತ್ತಿತ್ತ ತಾಕುತ್ತ ಹೊರಬರುತ್ತಿದ್ದುದರಿಂದ ನೂರು ಗಜ ದಾಟಿದರೆ ಅದು ಎಲ್ಲಿಗೆ ಹೋದೀತೆಂದು ಹೇಳುವುದು ಕಷ್ಟ. ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಹಾರಿಸುವುದೇ ಆಗಿನ ಯುದ್ಧತಂತ್ರ. ಒಬ್ಬೊಬ್ಬನ ಗುರಿಗೆ ಅಲ್ಲಿ ಅಷ್ಟೇನೂ ಬೆಲೆಯಿರಲಿಲ್ಲ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಅದರ 39 ಅಂಗುಲ ಉದ್ದದ ನಳಿಗೆಯ ಒಳಗೆ ತಿರುಚಿಕೊಂಡು ಸಾಗುವ ಮೂರು ಗೀರುಗಳು. ಗುಂಡು ಉಂಡೆಯಾಗಿರದೆ ಕೊಳವೆಯಾಕಾರದಲ್ಲಿದ್ದು ಮುಂದೆ ದುಂಡಗೆ, ಹಿಂದೆ ಟೊಳ್ಳು. ಮದ್ದು ಸಿಡಿದೊಡನೆ ಆ ಟೊಳ್ಳು ಹಿಗ್ಗಿ ಸೀಸವು ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಗುಂಡು ಬುಗುರಿಯಂತೆ ಗಿರ್ರನೆ ತಿರುಗುತ್ತ ನೆಟ್ಟಗೆ ಹೋಗುತ್ತಿತ್ತು. ಹಿಂಬದಿಯ ಗುರಿಪಟ್ಟಿಯ ಮೇಲೆ 900 ಗಜದವರೆಗಿನ ಗುರುತುಗಳಿದ್ದವು.

ಇಂತಹ ಬಂದೂಕನ್ನು ಕೈಗೆ ಕೊಟ್ಟರೆ ಸಾಲದು, ಅದರ ವಿದ್ಯೆಯನ್ನೂ ಕೊಡಬೇಕು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಹೈತ್ ಎಂಬ ಕಡಲ ತೀರದ ಊರಿನಲ್ಲಿ 1853ರಲ್ಲಿ ಬಂದೂಕುಶಾಲೆಯೊಂದು ತೆರೆಯಿತು. ಒಂದೊಂದು ದಳದಿಂದ ಕೆಲವರನ್ನು ಕರೆಸಿ ಕಲಿಸುವುದು, ಅವರು ಹಿಂದಿರುಗಿ ಉಳಿದವರಿಗೆ ಕಲಿಸುವುದು: ಇದು ಆ ಶಾಲೆಯ ಕ್ರಮ. ಅದೇ ಕ್ರಮದಲ್ಲಿ 1857ರ ಆರಂಭದಲ್ಲಿ ಬಂಗಾಳದ ಸೇನೆಗಾಗಿ ಮೂರು ಕಡೆ ಶಿಕ್ಷಣ ಕೇಂದ್ರಗಳು ಏರ್ಪಟ್ಟವು. ಒಂದು ಕಲ್ಕತ್ತೆಯ ಬಳಿಯ ಡಂಡಂ, ಇನ್ನೊಂದು ಅಂಬಾಲೆ, ಮೂರನೆಯದು ಸಿಯಾಲಕೋಟೆ.

ಪಾಠದ ಕ್ರಮ

ಹೈತ್ ಪದ್ಧತಿಯ ವೈಶಿಷ್ಟ್ಯವೆಂದರೆ, ವಿದ್ಯಾರ್ಥಿಯು ಬಹು ದಿನಗಳವರೆಗೆ ಒಂದು ಗುಂಡನ್ನೂ ಹಾರಿಸಬೇಕಾಗಿರಲಿಲ್ಲ. ಮೊದಲ ಪಾಠ ಬಂದೂಕನ್ನು ಬಿಚ್ಚಿ, ಒರಸಿ, ಮತ್ತೆ ಜೋಡಿಸುವುದು. ಅನಂತರ ಗುಂಡು ಗಾಳಿಯಲ್ಲಿ ಹೇಗೆ ಸಾಗುತ್ತದೆ, ದೂರ ಹೋದಂತೆ ಏಕೆ ಕೆಳಗಿಳಿಯುತ್ತದೆ ಎಂಬ ತತ್ತ್ವಬೋಧೆ.

ಆಮೇಲೆ ಮುಕ್ಕಾಲಿಯ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಬಂದೂಕನ್ನು ಒರಗಿಸಿ ಗುರಿ ಹಿಡಿಯುವ ಅಭ್ಯಾಸ. ವಿದ್ಯಾರ್ಥಿಯು ಗುರಿಯಿಟ್ಟು ಪಕ್ಕಕ್ಕೆ ಸರಿಯುವನು. ಶಿಕ್ಷಕನು ಬಾಗಿ ಅದೇ ನಳಿಗೆಯುದ್ದಕ್ಕೂ ಕಣ್ಣು ಹಾಯಿಸಿ ಸರಿತಪ್ಪು ಹೇಳುವನು. ತನ್ನ ಕಣ್ಣಿನ ತಪ್ಪು ತನಗೆ ತಿಳಿಯುವುದಿಲ್ಲ. ಇನ್ನೊಬ್ಬರ ಕಣ್ಣು ಬೇಕು. ಇಲ್ಲಿ ಶಿಷ್ಯನು ಗುರಿ ಹಿಡಿಯುವುದರ ಜೊತೆಗೆ, ಇನ್ನೊಬ್ಬನು ಹಿಡಿದ ಗುರಿಯನ್ನು ತಿದ್ದುವುದನ್ನೂ ಕಲಿಯುತ್ತಿದ್ದನು.

ಅದು ಮುಗಿದ ಮೇಲೆ ನಿಲುವಿನ ಪಾಠ. ಕಾಲು ಎಲ್ಲಿರಬೇಕು, ಬಂದೂಕಿನ ಹಿಡಿ ಭುಜದ ಯಾವ ಎಡೆಗೆ ಒತ್ತಬೇಕು, ಉಸಿರನ್ನು ಎಲ್ಲಿ ತಡೆಯಬೇಕು, ಬೆರಳು ಎಷ್ಟು ಮೆಲ್ಲಗೆ ಎಳೆಯಬೇಕು ಎಂಬುದೆಲ್ಲ ಮೈಗೂಡುವವರೆಗೆ ದಿನವೂ ಅದೇ ಕೆಲಸ. ಮುಂದೆ ಬರಿಯ ಕೇಪು ಸಿಡಿಸುವ ಅಭ್ಯಾಸ. ಒಂದು ಗಜ ದೂರದಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಅದಕ್ಕೆ ಗುರಿಯಿಟ್ಟರೆ, ಗುರಿ ಸರಿಯಿದ್ದಾಗ ಕೇಪಿನ ಗಾಳಿಗೇ ಬತ್ತಿ ನಂದುತ್ತಿತ್ತು. ಕೈ ನಡುಗಿದರೆ ಬತ್ತಿ ಉರಿಯುತ್ತಲೇ ನಿಂತು ಅವನ ತಪ್ಪನ್ನು ಸಾರುತ್ತಿತ್ತು!

ಎಲ್ಲಕ್ಕಿಂತ ಕಠಿನವಾದುದು ದೂರವನ್ನು ಅಳೆಯುವ ಪಾಠ. ಅಳತೆ ಮಾಡಿದ ದೂರಗಳಲ್ಲಿ ಮನುಷ್ಯರನ್ನು ನಿಲ್ಲಿಸಿ, ಎಷ್ಟು ದೂರಕ್ಕೆ ಮುಖ ತಿಳಿಯುತ್ತದೆ, ಎಷ್ಟಕ್ಕೆ ಅಂಗಿಯ ಗುಂಡಿ ಮಾಯವಾಗುತ್ತದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಬಳಿಕ ಗೊತ್ತಿಲ್ಲದ ದೂರವನ್ನು ಬರಿಗಣ್ಣಿನಿಂದಲೇ ಹೇಳಬೇಕು. ದೂರ ತಪ್ಪಿದರೆ ಗುರಿಪಟ್ಟಿಯ ಎತ್ತರ ತಪ್ಪುತ್ತದೆ. ಎತ್ತರ ತಪ್ಪಿದರೆ ಗುಂಡು ನೆಲಕ್ಕೋ ಆಕಾಶಕ್ಕೋ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆಯೇ ತೋಟಾ ತುಂಬುವ ದಿನ ಬರುತ್ತಿತ್ತು. ಎಲ್ಲ ಪಾಠಗಳೂ ಎಡವದೆ ಸಾಗಿದ ಶಿಕ್ಷಣವು ಎಡವಿದ್ದು ಈ ಕೊನೆಯ ಮೆಟ್ಟಿಲಿನಲ್ಲಿ.

ಒಂದು ಚೆಂಬು ನೀರು

ಎನ್‌ಫೀಲ್ಡಿನ ತೋಟಾ ಕಾಗದದ ಸುರುಳಿ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಮದ್ದಿನ ಕಡೆಯ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಇಟ್ಟು ಸಲಾಕೆಯಿಂದ ಜಡಿಯಬೇಕು. ಕಚ್ಚುವುದು ಹೊಸದಲ್ಲ, ಹಳೆಯ ತೋಟಾವನ್ನೂ ಸಿಪಾಯಿಗಳು ಕಚ್ಚಿಯೇ ಹರಿಯುತ್ತಿದ್ದರು. ಹೊಸದೆಂದರೆ ಜಿಡ್ಡು. ಮದ್ದಿನ ಮಸಿ ಗೀರುಗಳಲ್ಲಿ ಕಟ್ಟಿಕೊಂಡರೆ ಗುಂಡು ಇಳಿಯುವುದಿಲ್ಲವಾದುದರಿಂದ, ಗುಂಡಿರುವ ತುದಿಗೆ ಕೊಬ್ಬು ಮತ್ತು ಜೇನುಮೇಣ ಬೆರೆಸಿ ಸವರುತ್ತಿದ್ದರು.

1857ರ ಜನವರಿಯಲ್ಲಿ ಡಂಡಂನಲ್ಲಿ ನಡೆದುದೆಂದು ಹೇಳುವ ಪ್ರಸಂಗ ಪ್ರಸಿದ್ಧವಾಗಿದೆ. ಕೆಳಜಾತಿಯ ಖಲಾಸಿಯೊಬ್ಬನು ಬ್ರಾಹ್ಮಣ ಸಿಪಾಯಿಯ ಚೆಂಬಿನಿಂದ ನೀರು ಕೇಳಿದನು. ಮೈಲಿಗೆಯೆಂದು ಸಿಪಾಯಿಯು ನಿರಾಕರಿಸಿದನು. ಹಸುವಿನ, ಹಂದಿಯ ಕೊಬ್ಬು ಸವರಿದ ತೋಟಾವನ್ನು ಕಚ್ಚುವ ದಿನ ಬಂದಾಗ ಈ ಜಾತಿಯ ಬಿಂಕ ಎಲ್ಲಿರುತ್ತದೆಂದು ಖಲಾಸಿಯು ನಕ್ಕನಂತೆ. ಡಂಡಂನ ಅಧಿಕಾರಿ ಕ್ಯಾಪ್ಟನ್ ರೈಟ್ ಆ ತಿಂಗಳ 22ರಂದು ಈ ಸಂಗತಿಯನ್ನು ಮೇಲಿನವರಿಗೆ ಬರೆದನು.

ಆ ಹೊತ್ತಿಗೆ ಡಂಡಂನ ವಿದ್ಯಾರ್ಥಿಗಳ ಪಾಠ ಗುಂಡು ಹಾರಿಸುವ ಹಂತಕ್ಕೇ ಬಂದಿರಲಿಲ್ಲ. ಆದರೆ ಸಂಶಯಕ್ಕೆ ಆಧಾರವಿರಲಿಲ್ಲವೆಂದೂ ಹೇಳುವಂತಿಲ್ಲ. ತೋಟಾಕ್ಕೆ ಬಳಸಿದ ಕೊಬ್ಬು ಯಾವ ಪ್ರಾಣಿಯದೆಂದು ಯಾರೂ ವಿಚಾರಿಸಿರಲಿಲ್ಲವೆಂಬುದನ್ನು ಮದ್ದುಗುಂಡಿನ ಅಧಿಕಾರಿಗಳೇ ಒಪ್ಪಿಕೊಳ್ಳಬೇಕಾಯಿತು. ಸರಕಾರವು ತ್ವರೆಯಿಂದಲೇ ಎಚ್ಚೆತ್ತಿತು. ಜಿಡ್ಡಿಲ್ಲದ ತೋಟಾ ಕೊಡಬೇಕು, ಸಿಪಾಯಿಗಳೇ ತಮಗೆ ಒಪ್ಪಿಗೆಯಾದ ಎಣ್ಣೆ, ಮೇಣ ತಂದು ಸವರಿಕೊಳ್ಳಬಹುದೆಂದು ಜನವರಿ ಕೊನೆಯಲ್ಲಿಯೇ ಅಪ್ಪಣೆಯಾಯಿತು. ಮಾರ್ಚ್ ತಿಂಗಳಲ್ಲಿ ಕಚ್ಚುವುದನ್ನು ಬಿಟ್ಟು ಬೆರಳಿನಿಂದ ಹರಿಯುವ ಹೊಸ ಕವಾಯತೂ ಬಂತು. ಅಷ್ಟರಲ್ಲಿ ಸಂಶಯವು ಜಿಡ್ಡಿನಿಂದ ಕಾಗದಕ್ಕೆ ಹಬ್ಬಿತ್ತು. ಅದರ ಹೊಳಪಿನಲ್ಲಿಯೇ ಕೊಬ್ಬಿದೆಯೆಂದು ಸಿಪಾಯಿಗಳು ಹೇಳತೊಡಗಿದರು. ಕಾಗದದಲ್ಲಿ ಕೊಬ್ಬಿಲ್ಲವೆಂದು ಕಲ್ಕತ್ತೆಯ ರಸಾಯನ ಪರೀಕ್ಷಕನು ವರದಿ ಕೊಟ್ಟನು. ಆದರೆ ರಸಾಯನ ಪರೀಕ್ಷೆಯಿಂದ ಕಳೆದುಹೋದ ನಂಬಿಕೆ ಹಿಂದಿರುಗುವುದುಂಟೇ?

ಅಂಬಾಲೆಯ ಇಕ್ಕಟ್ಟು

ಅಂಬಾಲೆಯ ಕೇಂದ್ರದಲ್ಲಿ ಶಿಕ್ಷಕನಾಗಿದ್ದವನು ಮಾರ್ಟಿನೋ ಎಂಬ ಅಧಿಕಾರಿ. ಕಾಶೀರಾಮ್ ಮತ್ತು ಜಿಯೋಲಾಲರು ಅತ್ತು ಹೇಳಿಕೊಂಡದ್ದು ಇವನಲ್ಲಿಯೇ. ಇವನು ಅವರ ಮಾತನ್ನು ತಳ್ಳಿಹಾಕಲಿಲ್ಲ. ಉಳಿದ ವಿದ್ಯಾರ್ಥಿಗಳನ್ನೂ ವಿಚಾರಿಸಿ, ಈ ಭಯ ಎಲ್ಲ ದಳಗಳಲ್ಲಿಯೂ ಹರಡಿದೆಯೆಂದು ಮೇಲಿನವರಿಗೆ ತಿಳಿಸಿದನು.

ಮಾರ್ಚ್ 23ರಂದು ಜನರಲ್ ಆನ್ಸನ್ ಸ್ವತಃ ಕೇಂದ್ರಕ್ಕೆ ಬಂದನು. ದೇಶೀಯ ಅಧಿಕಾರಿಗಳನ್ನು ಮುಂದಕ್ಕೆ ಕರೆದು, ಜಾತಿ ಕೆಡಿಸುವ ಉದ್ದೇಶ ಸರಕಾರಕ್ಕಿಲ್ಲವೆಂದು ಭರವಸೆ ಕೊಟ್ಟನು. ಅವನ ಮಾತನ್ನು ಅವರು ವಿನಯದಿಂದ ಕೇಳಿದರು. ಬಳಿಕ ಮಾರ್ಟಿನೋನ ಬಳಿಗೆ ಬಂದು ತಮ್ಮ ಕಷ್ಟ ತೋಡಿಕೊಂಡರು. ಸೇನಾಧಿಪತಿಯ ಮಾತನ್ನು ತಾವು ನಂಬುವುದಾಗಿ ಹೇಳಿದರು. ಅಪ್ಪಣೆಯಾದರೆ ಗುಂಡು ಹಾರಿಸುವುದಾಗಿಯೂ ಹೇಳಿದರು. ಆದರೆ ಈ ವದಂತಿಯನ್ನು ನಂಬದವನು ಒಬ್ಬನಿದ್ದರೆ ನಂಬುವವರು ಹತ್ತು ಸಾವಿರ ಮಂದಿ ಇರುವರೆಂದೂ, ನಾಳೆ ತಾವು ತಮ್ಮ ದಳಕ್ಕೆ, ತಮ್ಮ ಊರಿಗೆ ಹಿಂದಿರುಗಿದಾಗ ತಮ್ಮೊಡನೆ ಕುಳಿತು ಉಣ್ಣುವವರು ಯಾರೂ ಇರುವುದಿಲ್ಲವೆಂದೂ ಬಿನ್ನವಿಸಿಕೊಂಡರು.

ಈ ವಿದ್ಯಾರ್ಥಿಗಳ ದುರದೃಷ್ಟ ಇಲ್ಲಿದೆ. ಹೊಸ ಬಂದೂಕನ್ನು ಹತ್ತಿರದಿಂದ ಕಂಡವರು ಅವರು. ವದಂತಿಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಬಲ್ಲವರೂ ಅವರೇ. ಕಂಡದ್ದನ್ನು ಹಿಂದಿರುಗಿ ಹೇಳಿದರೆ ಕೇಳುವವರಿಲ್ಲ. ಶಿಕ್ಷಕನಾಗಬೇಕಾದವನ ಮಾತಿಗೆ ತನ್ನವರಲ್ಲಿಯೇ ಬೆಲೆಯಿಲ್ಲದ ಮೇಲೆ ಅವನು ಕಲಿತು ಬಂದು ಫಲವೇನು?

ಆನ್ಸನ್ ಗುಂಡು ಹಾರಿಸುವ ಅಭ್ಯಾಸವನ್ನು ಕೆಲಕಾಲ ನಿಲ್ಲಿಸಿದನು. ಕೇಂದ್ರವನ್ನೇ ಮುಚ್ಚುವ ಯೋಚನೆಯೂ ಬಂತು. ಆದರೆ ಈಗ ಹಿಂಜರಿದರೆ ತಪ್ಪೊಪ್ಪಿಕೊಂಡಂತಾಗುವುದೆಂದು ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಸಮ್ಮತಿಸಲಿಲ್ಲ. ಏಪ್ರಿಲ್ ತಿಂಗಳ ಮಧ್ಯದಲ್ಲಿ ಅಂಬಾಲೆಯ ವಿದ್ಯಾರ್ಥಿಗಳು ಗುರಿಮೈದಾನಕ್ಕೆ ಹೋಗಿ ಅಪ್ಪಣೆಯಂತೆ ಗುಂಡು ಹಾರಿಸಿದರು. ಒಬ್ಬನೂ ಎದುರಾಡಲಿಲ್ಲ.

ಹಗಲು ಹೀಗೆ ಶಾಂತವಾಗಿದ್ದರೆ ರಾತ್ರಿಯ ರೀತಿಯೇ ಬೇರೆಯಾಗಿತ್ತು. ಮಾರ್ಚ್ ಕೊನೆಯಿಂದಲೇ ಪಾಳೆಯದಲ್ಲಿ ಬೆಂಕಿ ಬೀಳತೊಡಗಿತ್ತು. ಇಂದು ಒಂದು ಉಗ್ರಾಣ, ನಾಳೆ ಒಂದು ಬಂಗಲೆ, ಮತ್ತೊಂದು ದಿನ ಸಿಪಾಯಿಯ ಗುಡಿಸಲು. ಹಚ್ಚಿದವರು ಯಾರೆಂದು ಹೇಳುವವರಿಲ್ಲ.

ಮೇ 5ರಂದು ಮಾರ್ಟಿನೋ ಮೇಲಧಿಕಾರಿಗೆ ಒಂದು ಕಾಗದ ಬರೆದನು. ಬಿರುಗಾಳಿ ಹತ್ತಿರ ಬಂದಿರುವುದು ತನ್ನ ಕಿವಿಗೆ ಕೇಳಿಸುತ್ತಿದೆ, ಆದರೆ ಅದು ಎಲ್ಲಿ, ಯಾವಾಗ, ಹೇಗೆ ಎರಗುವುದೆಂದು ಹೇಳಲಾರೆನೆಂಬುದು ಅದರ ಸಾರಾಂಶ. ದಿನವೂ ಎಲ್ಲ ದಳಗಳ ಸಿಪಾಯಿಗಳ ನಡುವೆ ನಿಂತು ಪಾಠ ಹೇಳುತ್ತಿದ್ದವನಿಗೆ ಕಂಡದ್ದು ಮೇಲಿನವರಿಗೆ ಕಾಣಲಿಲ್ಲ.

ಪಾಠದ ಕೊನೆ

ಬಿರುಗಾಳಿ ಎರಗಿದ್ದು ಮೀರತ್ತಿನಲ್ಲಿ. ಏಪ್ರಿಲ್ 24ರಂದು ಅಲ್ಲಿ 3ನೆಯ ಲಘು ಅಶ್ವದಳದ 90 ಮಂದಿಯನ್ನು ಕರೆದು, ಬೆರಳಿನಿಂದ ತೋಟಾ ಹರಿಯುವ ಹೊಸ ಕ್ರಮವನ್ನು ತೋರಿಸಹೋದಾಗ 85 ಮಂದಿ ತೋಟಾ ಮುಟ್ಟಲೊಲ್ಲೆವೆಂದರು. ಅವರಿಗೆ ಕೊಡಲಿದ್ದುದು ಬಹುಕಾಲದಿಂದ ಬಳಸುತ್ತಿದ್ದ ಹಳೆಯ ತೋಟಾವೇ! ಮೇ 9ರಂದು ಇಡೀ ದಂಡಿನೆದುರಿಗೆ ಅವರ ಕಾಲಿಗೆ ಬೇಡಿ ಬಿತ್ತು. ಮರುದಿನ ಭಾನುವಾರ ಸಂಜೆ ಮೀರತ್ತು ಹತ್ತಿ ಉರಿಯಿತು. ಆನ್ಸನ್ ದಿಲ್ಲಿಯ ಮೇಲೆ ದಂಡೆತ್ತಿ ಹೊರಟು, ಮೇ 27ರಂದು ಕರ್ನಾಲಿನಲ್ಲಿ ಕಾಲರಾ ರೋಗದಿಂದ ಸತ್ತನು.

ಮುಂದಿನ ಕತೆ ಎಲ್ಲರಿಗೂ ತಿಳಿದುದೇ. ಸಿಪಾಯಿಗಳಿಗೆ ಕಲಿಸಬೇಕೆಂದಿದ್ದ ಎನ್‌ಫೀಲ್ಡ್ ರೈಫಲು ಬ್ರಿಟಿಷ್ ದಂಡಿನ ಕೈಯಲ್ಲಿ ಅವರ ಮೇಲೆಯೇ ತಿರುಗಿತು; ಹೆಚ್ಚಿನ ಸಿಪಾಯಿಗಳು ಹಳೆಯ ನುಣುಪು ನಳಿಗೆಯ ಕೋವಿಯನ್ನೇ ಹಿಡಿದು ಅದನ್ನು ಎದುರಿಸಿದರು. ಆಯುಧ ಹಿಡಿದ ದೇಶೀಯನೆಂದರೆ ಸರಕಾರಕ್ಕೆ ಅನುಮಾನ ಹುಟ್ಟಿತು. ಜನರಿಂದ ಆಯುಧ ಕಸಿಯುವ ಕಾನೂನು ಕನ್ನಡ ನಾಡಿನ ಹಳ್ಳಿಗಳನ್ನೂ ಮುಟ್ಟಿ, ಅದೇ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಕತ್ತಿ ಕೋವಿ ಕೊಡಲೊಲ್ಲದೆ ಕಾದಿ ಮಡಿದರು.

ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗೆಂದೇ ಹೊಸ ಮಾದರಿಯ ಕೋವಿಯೊಂದು ಸಿದ್ಧವಾಯಿತು. ಹೊರಗಿನಿಂದ ನೋಡಿದರೆ ಅದೂ ಎನ್‌ಫೀಲ್ಡೇ. ಆದರೆ ನಳಿಗೆಯೊಳಗೆ ಗೀರುಗಳಿರಲಿಲ್ಲ. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಗುರಿಪಟ್ಟಿಯೂ ಇರಲಿಲ್ಲ. ಮುಕ್ಕಾಲಿಯ ಮುಂದೆ ಬಾಗಿ ಕಲಿತ ಗುರಿಯ ಸೂಕ್ಷ್ಮಕ್ಕೂ, ದೂರವನ್ನು ಅಳೆಯಲು ಪಳಗಿದ ಕಣ್ಣಿಗೂ ಆ ಕೋವಿಯಲ್ಲಿ ಕೆಲಸವಿರಲಿಲ್ಲ. ಹಿಂಬದಿಯಿಂದ ತುಂಬುವ ಸ್ನೈಡರ್ ಬಂದೂಕು 1866ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮೇಲೆ ತೋಟಾ ಕಚ್ಚುವ ಮಾತೇ ಉಳಿಯಲಿಲ್ಲ. ಅಷ್ಟು ರಕ್ತಕ್ಕೆ ನೆಪವಾದ ಆ ಕಾಗದದ ಸುರುಳಿ ಹತ್ತೇ ವರ್ಷಗಳೊಳಗೆ ಹಳೆಯ ವಸ್ತುವಾಗಿ ಹೋಯಿತು.

ಅಂಬಾಲೆಯ ವಿದ್ಯಾರ್ಥಿಗಳಿಗೆ ಶಿಕ್ಷಕರು ಬಂದೂಕಿನ ವಿದ್ಯೆಯನ್ನು ಕೊರತೆಯಿಲ್ಲದೆ ಕೊಟ್ಟಿದ್ದರು. ಆ ವಿದ್ಯೆಯನ್ನು ಹೊತ್ತು ಅವರು ಯಾರ ನಡುವೆ ಹೋಗಿ ಬಾಳಬೇಕೆಂಬುದನ್ನು ಮಾತ್ರ ಸಕಾಲದಲ್ಲಿ ಯಾರೂ ಯೋಚಿಸಲಿಲ್ಲ. ಹವಾಲ್ದಾರ ಕಾಶೀರಾಮನೂ ನಾಯಕ ಜಿಯೋಲಾಲನೂ ಅಂದು ಶಿಕ್ಷಕನೆದುರು ಸುರಿಸಿದ ಕಣ್ಣೀರು ಅದನ್ನೇ ಹೇಳುತ್ತಿತ್ತು.