ಕಾರಿನ ವಿಮಾಪತ್ರ: ಯಾರಿಗೆ ರಕ್ಷಣೆ, ಯಾರಿಗಿಲ್ಲ?

ಕೊಪ್ಪ ಹೋಬಳಿಯಲ್ಲಿ ಕಬ್ಬು ಅರೆಯುವ ಕಾಲ ಬಂದಿತೆಂದರೆ ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಯತ್ತ ಸಾಗುವ ಎತ್ತಿನ ಗಾಡಿಗಳು, ಕಬ್ಬು ಹೇರಿದ ಟ್ರಾಕ್ಟರುಗಳು ಕತ್ತಲಲ್ಲಿ ಹಿಂಬದಿಯ ದೀಪವಿಲ್ಲದೆ ನಿಂತಿರುವುದೂ ಉಂಟು. ಇದೇ ರಸ್ತೆಯಲ್ಲಿ ಸುತ್ತೂರು ಜಾತ್ರೆಗೆಂದೋ, ಮಲೆ ಮಹದೇಶ್ವರ ಬೆಟ್ಟಕ್ಕೆಂದೋ, ಬಂಧುಗಳ ಮದುವೆಗೆಂದೋ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಡುತ್ತಾರೆ. ಆ ಕಾರಿಗೆ ವಿಮೆ ಇದೆಯೇ ಎಂದು ಕೇಳಿದರೆ 'ಇದೆ' ಎಂಬ ಉತ್ತರ ತಕ್ಷಣ ಬರುತ್ತದೆ. ಒಳಗೆ ಕುಳಿತವರಿಗೆ ಅದರಿಂದ ಏನು ದೊರೆಯುತ್ತದೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಪೊಲೀಸರಿಗೆ ತೋರಿಸಲು ಸಾಕಾಗುವ ಕಾಗದವೇ ಬೇರೆ, ಕುಟುಂಬವನ್ನು ಕಾಯುವ ಕಾಗದವೇ ಬೇರೆ ಎಂಬುದನ್ನು ವಾಚಕರ ಗಮನಕ್ಕೆ ತರಲು ಇಲ್ಲಿ ಯತ್ನಿಸಿದ್ದೇವೆ.

1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು ಪ್ರತಿಯೊಂದು ವಾಹನಕ್ಕೂ ಕಡ್ಡಾಯ ಮಾಡಿರುವುದು ಜನ 'ಥರ್ಡ್ ಪಾರ್ಟಿ' ಎಂದು ಕರೆಯುವ ಹೊಣೆಗಾರಿಕೆಯ ವಿಮೆಯನ್ನು ಮಾತ್ರ. ನಮ್ಮ ಕಾರಿನಿಂದ ದಾರಿಹೋಕರೊಬ್ಬರು ಸತ್ತರೆ ಅಥವಾ ಗಾಯಗೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಗೊತ್ತುಪಡಿಸುವ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಅದಕ್ಕೆ ಪಾಲಿಸಿಯಲ್ಲಿ ಮೇಲ್ಮಿತಿಯಿಲ್ಲ. ಪರರ ಆಸ್ತಿಗೆ ಆದ ಹಾನಿಗೆ ಮಾತ್ರ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಗಳ ಮಿತಿಯಿದೆ. ಇಷ್ಟೂ ಇಲ್ಲದೆ ವಾಹನ ನಡೆಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ದಂಡಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ನ್ಯಾಯಮಂಡಳಿಯ ತೀರ್ಪಿನ ಹಣವನ್ನು ಆಗ ಮಾಲೀಕನೇ ಹೊಲ ಮನೆ ಮಾರಿಯಾದರೂ ಕಟ್ಟಬೇಕಾಗುತ್ತದೆ.

ಈ ಅಗ್ಗದ ಪಾಲಿಸಿ ನಮ್ಮ ಕಾರನ್ನು ರಿಪೇರಿ ಮಾಡಿಸಿಕೊಡುವುದಿಲ್ಲ ಎಂಬುದು ಬಹುಮಂದಿಗೆ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದು. ಖಾಸಗಿ ಕಾರಿನೊಳಗೆ ಕುಳಿತ ಹೆಂಡತಿ, ಮಕ್ಕಳು, ನೆಂಟರು ಇವರಾರೂ ಇದರ ರಕ್ಷಣೆಗೆ ಒಳಪಡುವುದಿಲ್ಲ. 'ಪ್ಯಾಕೇಜ್' ಅಥವಾ 'ಕಾಂಪ್ರೆಹೆನ್ಸಿವ್' ಎನ್ನಲಾಗುವ ಪೂರ್ಣ ಪಾಲಿಸಿಯಿದ್ದರೆ ಒಳಗಿನ ಪ್ರಯಾಣಿಕರ ಬಗೆಗೂ ಕಂಪನಿ ಹೊಣೆ ಹೊರಬೇಕೆಂದು, ಬರಿಯ ಕಾಯಿದೆಯ ಪಾಲಿಸಿಯಿದ್ದರೆ ಹಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಸ್ಪಷ್ಟಪಡಿಸಿದೆ. ಎರಡು ಪಾಲಿಸಿಗಳ ಕಂತಿನ ನಡುವಿನ ಅಂತರ ಕೆಲವು ಸಾವಿರ ರೂಪಾಯಿ. ಆರು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವ ಕಾರಿಗೆ ಆ ಉಳಿತಾಯ ನಮ್ಮ ಮಟ್ಟಿಗೆ ಉಳಿತಾಯವೇ ಅಲ್ಲ.

ಇನ್ನು ಚಾಲಕನ ಮಾತು. ಇಳಕಲ್‌ನಿಂದ ಗೂಡೂರಿನ ಕಡೆಗೆ ಎರವಲು ಬೈಕಿನಲ್ಲಿ ಹೋಗುತ್ತಿದ್ದ ವ್ಯಕ್ತಿಯೊಬ್ಬರು ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಸಾಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಬಡಿದು ಮೃತರಾದರು. ಪ್ರಕರಣ ದೆಹಲಿಯವರೆಗೆ ಹೋಯಿತು. ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅಂದು ಜಾರಿಯಲ್ಲಿದ್ದ 163-ಎ ಕಲಮಿನಡಿ ಆತನ ವಾರಸುದಾರರು ಪರಿಹಾರ ಕೇಳುವಂತಿಲ್ಲ ಎಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಇದು ಬೈಕಿನ ಪ್ರಕರಣವಾದರೂ ಕಬ್ಬಿನ ಗಾಡಿಗಳ ನಡುವೆ ಅಣ್ಣನ ಕಾರನ್ನು ತಮ್ಮ ಓಡಿಸುವ ನಮ್ಮ ಮನೆಗಳಿಗೂ ಅನ್ವಯಿಸುವಂಥದು. ತನ್ನದೇ ಅಜಾಗರೂಕತೆಯಿಂದ ಅಪಘಾತಕ್ಕೀಡಾದ ಮಾಲೀಕ ತನಗೆ ತಾನೇ 'ಮೂರನೆಯವ'ನಾಗಲಾರ.

ಈ ಕೊರತೆಯನ್ನು ತುಂಬಲೆಂದೇ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂಬುದೊಂದಿದೆ. 2018ರಿಂದ ಇದರ ಮೊತ್ತ 15 ಲಕ್ಷ ರೂಪಾಯಿ. ಆದರೆ ಇದು ಸಲ್ಲುವುದು ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ, ಅದೂ ಅವರಲ್ಲಿ ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಇದ್ದರೆ. ನಮ್ಮಲ್ಲಿ ಎಷ್ಟೋ ಕಾರುಗಳು ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿರುತ್ತವೆ, ಓಡಿಸುವವನು ಮಗ ಅಥವಾ ಗಂಡ. ಆತನಿಗೆ ಈ 15 ಲಕ್ಷ ಸಲ್ಲದು. ಇಂಥ ಮನೆಗಳವರು ಕಂತು ಕಟ್ಟುವಾಗಲೇ ಏಜೆಂಟರನ್ನು ಕೇಳಿ, ಹೆಸರಿಸಿದ ವ್ಯಕ್ತಿಗಳಿಗೂ ಕಾರಿನ ಪ್ರತಿ ಆಸನಕ್ಕೂ ಪ್ರತ್ಯೇಕ ಅಪಘಾತ ವಿಮೆಯನ್ನು ಸೇರಿಸಿಕೊಳ್ಳುವುದು ಲೇಸು. ಸಂಬಳದ ಡ್ರೈವರ್ ಇದ್ದರೆ ಆತನ ಹೊಣೆಯನ್ನೂ ಅಲ್ಪ ಮೊತ್ತಕ್ಕೆ ಸೇರಿಸಬಹುದು.

ಕಾರಿನ ಸ್ವಂತ ಹಾನಿಯ ಭಾಗವನ್ನು ತಿಳಿಯಲು ಒಂದು ಲೆಕ್ಕ ಸಾಕು. ಹೊಸತಾಗಿ 8 ಲಕ್ಷ ರೂಪಾಯಿ ಬೆಲೆಯ ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿದ್ದರೆ, ರೂಢಿಯ ಕೋಷ್ಟಕದಂತೆ ಶೇ. 40 ಸವಕಳಿ ಕಳೆದು 4.8 ಲಕ್ಷಕ್ಕೆ ವಿಮೆಯಾಗುತ್ತದೆ. ಪಾಲಿಸಿಯಲ್ಲಿ ಐ.ಡಿ.ವಿ. ಎಂದು ನಮೂದಾಗುವ ಮೊತ್ತ ಇದೇ. ಕಾರು ಕಳವಾದರೆ ಸಿಗುವ ಗರಿಷ್ಠ ಹಣವೂ ಇದೇ. ರಿಪೇರಿಯ ಅಂದಾಜು ಈ ಮೊತ್ತದ ಶೇ. 75ನ್ನು, ಅಂದರೆ 3.6 ಲಕ್ಷವನ್ನು ಮೀರಿದರೆ ಕಾರು ಪೂರ್ಣ ನಷ್ಟವಾಯಿತೆಂದು ಪರಿಗಣಿಸುತ್ತಾರೆ. ಕಂತು ಇಳಿಸುವ ಆಸೆಗೆ ಐ.ಡಿ.ವಿ.ಯನ್ನೇ ಇಳಿಸಿಕೊಳ್ಳುವವರು ಈ ಲೆಕ್ಕವನ್ನು ಮರೆತಿರುತ್ತಾರೆ. ಸಣ್ಣ ರಿಪೇರಿಯಲ್ಲಿಯೂ ಪೂರ್ತಿ ಹಣ ಬರುವುದಿಲ್ಲ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆಯನ್ನು ಮುರಿದುಕೊಳ್ಳುತ್ತಾರೆ, ಗಾಜಿಗೆ ಮಾತ್ರ ಕಡಿತವಿಲ್ಲ. 'ಜೀರೋ ಡೆಪ್' ಎಂಬ ಸೇರ್ಪಡೆ ಪಡೆದವರಿಗೆ ಈ ಕಡಿತ ತಪ್ಪುತ್ತದೆ. ಹೊಸ ಕಾರಿಗೆ ಅದು ಬೇಕು, ಹಳೆಯದಕ್ಕೆ ಅಷ್ಟಾಗಿ ಬೇಡ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿ ಜಲಾವೃತವಾಗಿ ವಾಹನಗಳು ನೀರಿನಲ್ಲಿ ನಿಂತದ್ದನ್ನು ನಮ್ಮ ಭಾಗದವರು ಮರೆತಿರಲಾರರು. ನೆರೆಯ ಹಾನಿಗೆ ಪೂರ್ಣ ಪಾಲಿಸಿಯಲ್ಲಿ ರಕ್ಷಣೆಯುಂಟು. ಆದರೆ ನಿಂತ ಕಾರನ್ನು ನೀರಿನಲ್ಲೇ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಒಳಕ್ಕೆ ನೀರೆಳೆಸಿದರೆ, ಆ ಎಂಜಿನ್ನಿನ ಖರ್ಚನ್ನು ಸಾಮಾನ್ಯ ಪಾಲಿಸಿ ಒಪ್ಪುವುದಿಲ್ಲ. ಅದಕ್ಕೆ 'ಎಂಜಿನ್ ಪ್ರೊಟೆಕ್ಟ್' ಎಂಬ ಬೇರೆ ಸೇರ್ಪಡೆ ಇದೆ. ಅದಿಲ್ಲದವರು ಕಾರನ್ನು ತಳ್ಳಿಸಿ ಅಥವಾ ಎಳೆಸಿ ಗ್ಯಾರೇಜಿಗೆ ಮುಟ್ಟಿಸುವುದೊಂದೇ ದಾರಿ.

ಪೂರ್ಣ ಪಾಲಿಸಿಯಿದ್ದೂ ಕೈಬಿಡುವ ಸಂದರ್ಭಗಳುಂಟು. ಕುಡಿದು ಓಡಿಸಿದರೆ, ಪರವಾನಗಿ ಇಲ್ಲದವರ ಕೈಗೆ ಕೊಟ್ಟರೆ ಕಾರಿನ ಹಾನಿಗೆ ಒಂದು ಬಿಡಿಗಾಸೂ ಬಾರದು. ಪರವಾನಗಿ ಇಲ್ಲದವನಿಂದ ಪರರಿಗೆ ಹಾನಿಯಾದಾಗ ಕಂಪನಿ ಮೊದಲು ಪರಿಹಾರ ಕೊಟ್ಟು ಆನಂತರ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಹದಿನೆಂಟು ತುಂಬದ ಮಗನಿಗೆ ಕೀಲಿಕೈ ಕೊಡುವ ತಂದೆಗೆ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗಿನ ಸೆರೆವಾಸ ಕಾದಿದೆ. ಬಿಳಿ ಬೋರ್ಡಿನ ಕಾರನ್ನು ನೆರೆಯವರ ಮದುವೆಗೆ ಬಾಡಿಗೆ ಪಡೆದು ಕಳುಹಿಸುವುದೂ ಹಳ್ಳಿಗಳಲ್ಲಿ ಸಣ್ಣ ವಿಷಯವೆಂಬಂತೆ ನಡೆದಿದೆ. ಅದು ಪಾಲಿಸಿಯ ಷರತ್ತಿನ ನೇರ ಉಲ್ಲಂಘನೆ. ಸ್ನೇಹಕ್ಕಾಗಿ ಕೊಟ್ಟರೆ ತೊಂದರೆಯಿಲ್ಲ, ಹಣ ಪಡೆದರೆ ಉಂಟು.

ಬೆಂಗಳೂರಿನಿಂದ ಹಳೆಯ ಕಾರು ಕೊಂಡು ತರುವವರು ಆರ್.ಸಿ.ಯನ್ನು ತಮ್ಮ ಹೆಸರಿಗೆ ಮಾಡಿಸಿ, ವಿಮೆಯನ್ನು ಹಿಂದಿನವರ ಹೆಸರಿನಲ್ಲೇ ಬಿಡುವುದನ್ನು ಕಾಣುತ್ತೇವೆ. ಕೊಂಡ 14 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕೆಂಬುದು ನಿಯಮ. ಪರರ ಹೊಣೆಯ ಭಾಗ ಕಾಯಿದೆಯ ಬಲದಿಂದ ತಾನಾಗಿ ವರ್ಗಾವಣೆಯಾದಂತೆ, ಸ್ವಂತ ಹಾನಿಯ ಭಾಗ ಆಗುವುದಿಲ್ಲ. ಹಾಗೆಯೇ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ಶೇ. 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇ. 50ರವರೆಗೆ ಏರುವ ಈ ರಿಯಾಯಿತಿಯನ್ನು ಕಾರು ಮಾರಿದವರು ತಮ್ಮ ಹೊಸ ಕಾರಿಗೆ ಒಯ್ಯಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಕೈತಪ್ಪುತ್ತದೆ. ಬಂಪರು ಗೀರಿದ್ದಕ್ಕೆ ಎರಡು ಸಾವಿರದ ಕ್ಲೇಮು ಹಾಕಿ ಐದು ವರ್ಷದ ರಿಯಾಯಿತಿ ಕಳೆದುಕೊಳ್ಳುವುದಕ್ಕಿಂತ, ಮದ್ದೂರಿನ ಗ್ಯಾರೇಜಿನಲ್ಲಿ ಕೈಯಿಂದಲೇ ಕೊಟ್ಟು ಸರಿಪಡಿಸಿಕೊಳ್ಳುವುದು ಮೇಲು.