252 ದಿನಗಳ ದಾರಿ, 20 ಗಂಟೆಯಲ್ಲಿ

ಲಂಡನ್ನಿನಿಂದ ಸಿಡ್ನಿಗೆ ಅತಿ ಹತ್ತಿರದ ದಾರಿ ಹಿಡಿದರೂ ಸುಮಾರು 17,000 ಕಿಲೋಮೀಟರ್! ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ನಮ್ಮ ಇಡೀ ಭಾರತದ ಉದ್ದವೇ 3,214 ಕಿ.ಮೀ. ಅಂಥ ಐದು ಭಾರತಗಳನ್ನು ಸಾಲಾಗಿ ಜೋಡಿಸಿದರೂ ಸಿಡ್ನಿ ಇನ್ನೂ 900 ಕಿ.ಮೀ. ಆಚೆಗೇ ಉಳಿಯುತ್ತದೆ. ಭೂಮಿ ಗುಂಡಗಿರುವುದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ. ಚಿಲ್ಲರೆಗಿಂತ ಹೆಚ್ಚು ಅಂತರ ಇರಲಾರದು. ಅಂದರೆ ಈ ಎರಡು ಮಹಾನಗರಗಳು ಹೆಚ್ಚುಕಡಿಮೆ ಭೂಮಿಯ ಆ ಬದಿಗೊಂದು, ಈ ಬದಿಗೊಂದು.

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ 11 ಹಡಗುಗಳು ಕೈದಿಗಳನ್ನು ತುಂಬಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟವು. ರಿಯೋ, ಕೇಪ್‌ಟೌನ್ ಸುತ್ತಿಕೊಂಡು 24,000 ಕಿ.ಮೀ. ಸಾಗಿ ಸಿಡ್ನಿ ಪಕ್ಕದ ಬಾಟನಿ ಕೊಲ್ಲಿ ಮುಟ್ಟುವಷ್ಟರಲ್ಲಿ ಸುಮಾರು 252 ದಿನ ಕಳೆದಿತ್ತು. ಬಂದರುಗಳಲ್ಲಿ ತಂಗಿದ್ದನ್ನೂ ಸೇರಿಸಿದರೆ ಗಂಟೆಗೆ ಸರಾಸರಿ ನಾಲ್ಕೇ ಕಿಲೋಮೀಟರ್. ಅರ್ಧ ಭೂಗೋಳವನ್ನು ಮನುಷ್ಯ ನಡಿಗೆಯ ವೇಗದಲ್ಲಿ ದಾಟಿದ್ದ!

1919ರಲ್ಲಿ ರಾಸ್ ಸ್ಮಿತ್, ಕೀತ್ ಸ್ಮಿತ್ ಎಂಬ ಅಣ್ಣತಮ್ಮಂದಿರು ಇಬ್ಬರು ಮೆಕ್ಯಾನಿಕ್‌ಗಳೊಂದಿಗೆ ಲಂಡನ್ನಿನ ಬಳಿಯಿಂದ ವಿಕರ್ಸ್ ವಿಮಿ ವಿಮಾನ ಏರಿದರು. ತಲೆಯ ಮೇಲೆ ಮುಚ್ಚಿಗೆಯೂ ಇಲ್ಲ. ದೆಹಲಿ, ಕಲ್ಕತ್ತಗಳಲ್ಲಿ ಇಳಿದೇಳುತ್ತ ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದಾಗ ಇನ್ನೂ 28 ದಿನ ತುಂಬಿರಲಿಲ್ಲ. ಹಡಗುಗಳು ತೆಗೆದುಕೊಂಡ ಸಮಯದ ಒಂಬತ್ತರಲ್ಲಿ ಒಂದೇ ಪಾಲು! ಅಲ್ಲಿಂದ ಮತ್ತೆ 28 ವರ್ಷಕ್ಕೆ, 1947ರ ಡಿಸೆಂಬರ್‌ನಲ್ಲಿ, ಆಸ್ಟ್ರೇಲಿಯಾದ ವಿಮಾನಯಾನ ಸಂಸ್ಥೆ ಕ್ವಾಂಟಾಸ್‌ನ ಕಾನ್‌ಸ್ಟೆಲೇಷನ್ ವಿಮಾನ ಸಿಡ್ನಿ–ಲಂಡನ್ ನಡುವೆ ಆರು ಕಡೆ ತಂಗಿ ನಾಲ್ಕು ದಿನದಲ್ಲಿ ಗುರಿ ಸೇರಿತು.

ನಡುವೆ ಒಂದು ಯುದ್ಧಕಾಲದ ಅಚ್ಚರಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1943ರಿಂದ 1945ರವರೆಗೆ ಪರ್ತ್‌ನಿಂದ ಸಿಲೋನಿಗೆ, ಹಿಂದೂ ಮಹಾಸಾಗರದ ಮೇಲೆ, ಕ್ಯಾಟಲೀನಾ ವಿಮಾನಗಳು ಎಲ್ಲೂ ಇಳಿಯದೆ ಗುಟ್ಟಾಗಿ ಹಾರುತ್ತಿದ್ದವು. ಪ್ರಯಾಣಿಕರು ಹೆಚ್ಚೆಂದರೆ ಮೂವರು. ಅವುಗಳಲ್ಲಿ ಅತಿ ದೀರ್ಘ ಹಾರಾಟ 32 ಗಂಟೆ 9 ನಿಮಿಷ! ಒಂದೇ ಪಯಣದಲ್ಲಿ ಅವರು ಎರಡು ಸೂರ್ಯೋದಯ ಕಂಡರು.

1989ರ ಆಗಸ್ಟ್‌ನಲ್ಲಿ ಬೋಯಿಂಗ್ 747-400 ಒಂದು ಲಂಡನ್ನಿನಲ್ಲಿ ಎದ್ದದ್ದು ಸಿಡ್ನಿಯಲ್ಲೇ ನೆಲ ಮುಟ್ಟಿತು. 20 ಗಂಟೆ 9 ನಿಮಿಷ. ಸರಾಸರಿ ಗಂಟೆಗೆ ಸುಮಾರು 890 ಕಿ.ಮೀ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹತ್ತೇ ನಿಮಿಷ. ಹಾಗೆ ಹತ್ತು ನಿಮಿಷಕ್ಕೊಂದು ಮೈಸೂರು ಮುಟ್ಟುತ್ತ, ಒಮ್ಮೆಯೂ ನಿಲ್ಲದೆ, 120 ಸಲ! ಆಗ ಒಳಗಿದ್ದವರು ಕೆಲವೇ ಜನ. ಈಗ ಇದೇ ದಾರಿಯಲ್ಲಿ 238 ಪ್ರಯಾಣಿಕರನ್ನು ಒಂದೇ ಹಾರಾಟದಲ್ಲಿ ಒಯ್ಯಲೆಂದು ಕ್ವಾಂಟಾಸ್ ಏರ್‌ಬಸ್ ಎ350-1000 ವಿಮಾನಗಳನ್ನು ವಿಶೇಷವಾಗಿ ಮಾಡಿಸಿಕೊಳ್ಳುತ್ತಿದೆ. ಈ ಮಾದರಿಯ ವಿಮಾನ ಇಂಧನ ಸಮೇತ 322 ಟನ್‌ವರೆಗೆ ತೂಗುತ್ತ ನೆಲ ಬಿಡಬಲ್ಲದು. ಐದೈದು ಟನ್ ತೂಕದ 64 ಸಲಗಗಳು ಒಟ್ಟಿಗೇ ಆಕಾಶಕ್ಕೇರಿದಂತೆ!

ಇನ್ನು ಆ ಹಳೆಯ ಹಡಗುಗಳ 252 ದಿನಗಳನ್ನು ಈ ವಿಮಾನಕ್ಕೆ ಕೊಟ್ಟು ನೋಡಿ. ಸಲಕ್ಕೆ 20 ಗಂಟೆಯಂತೆ ಬಿಡುವಿಲ್ಲದೆ ಹಾರಿದರೆ ಅದು ಲಂಡನ್–ಸಿಡ್ನಿ ನಡುವೆ 302 ಸಲ ಸಾಗುತ್ತದೆ. ಒಟ್ಟು 51 ಲಕ್ಷ ಕಿಲೋಮೀಟರ್. ಭೂಮಿಗೆ 128 ಸುತ್ತು! ಅದೇ ದೂರವನ್ನು ಮೇಲಕ್ಕೆ ತಿರುಗಿಸಿದರೆ, ಚಂದ್ರನಿಗೆ ಆರು ಸಲ ಹೋಗಿ ಬಂದು, ಏಳನೆಯ ಸಲವೂ ಅವನನ್ನು ಮುಟ್ಟಿ, ಇನ್ನೂ ಒಂದು ಲಕ್ಷ ಕಿಲೋಮೀಟರ್ ಕೈಯಲ್ಲಿ ಉಳಿಯುತ್ತದೆ.